ಕೆಎ 25, ಎಂಎಚ್ 14: ಒಂದೇ ರಸ್ತೆ, ಎರಡು ನಂಬರು

ಲೋಣಾವಳಾದಲ್ಲಿ ನಮ್ಮ ಸೊಸೈಟಿಯ ಗೇಟು ದಾಟಿ, ಹಳೆಯ ಮುಂಬೈ–ಪುಣೆ ಹೆದ್ದಾರಿಗೆ ಇಳಿದು ಪುಣೆಯ ದಿಕ್ಕಿಗೆ ಹೊರಟರೆ ಧಾರವಾಡ ಮುಟ್ಟುವವರೆಗೆ ಬೇರೆ ಹೆದ್ದಾರಿ ಹಿಡಿಯುವ ಪ್ರಮೇಯವೇ ಇಲ್ಲ. ಸಾತಾರಾ, ಕರಾಡ, ಕೊಲ್ಹಾಪುರ, ಕಾಗಲ್, ನಿಪ್ಪಾಣಿ, ಬೆಳಗಾವಿ. ಒಟ್ಟು ಸುಮಾರು 480 ಕಿಲೋಮೀಟರು. ನಾವು ಸಣ್ಣವರಿದ್ದಾಗ ಇದು ಎನ್‌ಎಚ್ 4. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆ ಹೊಸ ನಂಬರು ಹಂಚಿದಾಗ ಎನ್‌ಎಚ್ 48 ಆಯಿತು. ಧಾರವಾಡದಲ್ಲಿ ಮಾತ್ರ ನಾಲ್ಕೂ ಇಲ್ಲ, ನಲವತ್ತೆಂಟೂ ಇಲ್ಲ. ಅಲ್ಲಿ ಅದು ಇವತ್ತಿಗೂ ಪಿ.ಬಿ. ರೋಡ್, ಅಂದರೆ ಪೂನಾ–ಬೆಂಗಳೂರು ರೋಡ್.

ಈ ರಸ್ತೆಯ ಮೇಲೆ ನನ್ನ ಕಾರು ಕೆಎ 25 ಆಗಿ ಬಂತು, ಈಗ ಎಂಎಚ್ 14 ಆಗಿದೆ. ಧಾರವಾಡ ಆರ್‌ಟಿಒದ ಸಂಖ್ಯೆ 25, ಲೋಣಾವಳಾ ಸೇರಿದ ಮಾವಳ ತಾಲ್ಲೂಕು ಬರುವುದು ಪಿಂಪ್ರಿ–ಚಿಂಚವಡದ 14ರ ಕೆಳಗೆ. ಪುಣೆಗೆ, ಹೈದರಾಬಾದಿಗೆ, ನೋಯ್ಡಾಕ್ಕೆ ಕೆಲಸ ಹುಡುಕಿಕೊಂಡು ಬಂದ ನಮ್ಮಂಥವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇದೆ: ಆಧಾರ್ ದೇಶಕ್ಕೆಲ್ಲ ಒಂದು, ಪ್ಯಾನ್ ಒಂದು, ಮೊಬೈಲ್ ನಂಬರು ಒಂದು, ಕಾರಿಗೇಕೆ ಹೊಸ ಜನ್ಮ? ಉತ್ತರಕ್ಕೆ ಕಾನೂನಿನ ಪುಸ್ತಕ ಸಾಲದು, ಇತಿಹಾಸಕ್ಕೇ ಹೋಗಬೇಕು. ಅದಕ್ಕೆ ನಾನಿರುವ ಊರು ಅನುಕೂಲದ ಜಾಗ.

ಲೋಣಾವಳಾ ಅಂದರೆ ಚಿಕ್ಕಿ, ಮಳೆ, ವೀಕೆಂಡ್ ಟ್ರಾಫಿಕ್ ಎಂದು ತಿಳಿದವರೇ ಹೆಚ್ಚು. ಆದರೆ ಈ ಊರಿಗೆ ಅರ್ಥ ಬಂದದ್ದೇ ಪಕ್ಕದ ಬೋರ್ ಘಾಟಿನಿಂದ. ಕೊಂಕಣದಿಂದ ದಖ್ಖನ್ನಿಗೆ ಹತ್ತುವ ಈ ದಾರಿಯಲ್ಲಿ ಬಹುಕಾಲ ಸರಕು ಏರಿದ್ದು ಹೇರೆತ್ತುಗಳ ಬೆನ್ನ ಮೇಲೆ. ಗಾಡಿ ಓಡುವಂಥ ರಸ್ತೆಯನ್ನು ಕ್ಯಾಪ್ಟನ್ ಹ್ಯೂಸ್ ಎಂಬ ಎಂಜಿನಿಯರ್ ಕಟ್ಟಿಸಿದ. 1830ರ ನವೆಂಬರ್ 10ರಂದು ಮುಂಬೈ ಗವರ್ನರ್ ಜಾನ್ ಮಾಲ್ಕಮ್ ಅದನ್ನು ತೆರೆದ. ಆ ಕಾಲದ್ದೇ ಆದ, ಜಾಹೀರಾತಿನ ಫಲಕದ ದೆಸೆಯಿಂದ 'ಅಮೃತಾಂಜನ್ ಸೇತುವೆ' ಎಂದು ಹೆಸರಾಗಿದ್ದ ಕಲ್ಲಿನ ಸೇತುವೆಯನ್ನು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ಖಾಲಿ ರಸ್ತೆಯ ಅನುಕೂಲ ನೋಡಿ, ಉರುಳಿಸಿದರು. ಘಾಟು ತೆರೆದ ಮೇಲೆ ಗಾಡಿಗಳಿಂದ ಸುಂಕ ವಸೂಲಿಯೂ ಶುರುವಾಯಿತು. ಅಲ್ಲಿ ಸುಂಕ ಕೊಡುವವನನ್ನು ಯಾರೂ ನಿನ್ನ ಊರು ಯಾವುದು ಎಂದು ಕೇಳುತ್ತಿರಲಿಲ್ಲ. ಗಾಡಿ ಈ ರಸ್ತೆಯ ಮೇಲೆ ಬಂತೇ, ಎತ್ತು ಎಷ್ಟು, ಕಾಸು ಇಡು. ದಾಟುವವನಿಂದ ತೆಗೆದುಕೊಳ್ಳುವ ಹಣ ಅದು. ಎಲ್ಲಿ ವಾಸ ಎಂಬುದಕ್ಕೆ ತೆಗೆದುಕೊಳ್ಳುವ ಹಣ ಬಂದದ್ದು ಆಮೇಲೆ, ಮೋಟಾರಿನ ಜೊತೆ.

ನಂಬರ್ ಪ್ಲೇಟು ಹುಟ್ಟಿದ್ದು ತೆರಿಗೆಗಾಗಿ ಅಲ್ಲ, ಪೊಲೀಸರಿಗಾಗಿ. 1893ರಲ್ಲಿ ಪ್ಯಾರಿಸ್ಸಿನ ಪೊಲೀಸರು ಮೋಟಾರುಗಳ ಮೇಲೆ ಮಾಲೀಕನ ಹೆಸರು, ವಿಳಾಸ, ಸಂಖ್ಯೆ ಇರಬೇಕೆಂದು ವಿಧಿಸಿದರು. ಬ್ರಿಟನ್ನಿನಲ್ಲಿ 1903ರ ಕಾಯ್ದೆಯಂತೆ 1904ರ ಮೊದಲ ದಿನದಿಂದ ನಂಬರು ಕಡ್ಡಾಯ. ಯಾರೋ ಸಾಹುಕಾರ ಯಾರಿಗೋ ಗುದ್ದಿ ಧೂಳೆಬ್ಬಿಸಿ ಓಡಿಹೋದರೆ ಹಿಡಿಯುವುದು ಹೇಗೆ? ಇಷ್ಟೇ ಇದ್ದದ್ದು ಚಿಂತೆ. ನಮ್ಮಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಮೊದಲ ಮೋಟಾರು ಕಾಯ್ದೆ 1914ರದು. ನೋಂದಣಿಯ ವಿವರವಾದ ನಿಯಮಗಳನ್ನು ಅದು ಆಯಾ ಪ್ರಾಂತ್ಯ ಸರ್ಕಾರಗಳಿಗೆ ಬಿಟ್ಟಿತು. ಮೊದಲ ಗೆರೆ ಬಿದ್ದದ್ದು ಅಲ್ಲಿ, ಯಾರಿಗೂ ತಿಳಿಯದಂತೆ.

ಎರಡನೆಯ ಗೆರೆ ಹಣದ್ದು. ಮೊದಲ ಮಹಾಯುದ್ಧದ ನಂತರ ಲಾರಿ, ಬಸ್ಸುಗಳು ಹೆಚ್ಚಿ ರಸ್ತೆಗಳು ಕಿತ್ತುಹೋದವು. ದುರಸ್ತಿಯ ಹಣ ಯಾರು ಕೊಡಬೇಕು? ಇದನ್ನು ವಿಚಾರ ಮಾಡಲು 1927ರಲ್ಲಿ ಮುಂಬೈಯ ವಕೀಲ ಎಂ. ಆರ್. ಜಯಕರ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಕೂತಿತು. ಅದರ ವರದಿಯ ಫಲವಾಗಿ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕ ಬಿತ್ತು, ಕೇಂದ್ರ ರಸ್ತೆ ನಿಧಿ ಹುಟ್ಟಿತು. ವಾಹನದ ಮೇಲಿನ ತೆರಿಗೆ ಪ್ರಾಂತ್ಯಗಳ ಕೈಯಲ್ಲಿ ಉಳಿಯಿತು. ಪೆಟ್ರೋಲಿನ ಸುಂಕದಲ್ಲಿ ಒಂದು ಸೊಗಸಿದೆ: ಹೆಚ್ಚು ಓಡಿಸಿದವನು ಹೆಚ್ಚು ಕೊಡುತ್ತಾನೆ, ಎಲ್ಲಿ ಓಡಿಸಿದನೋ ಸಾಧಾರಣವಾಗಿ ಅಲ್ಲೇ ಕೊಡುತ್ತಾನೆ. ವಾಹನ ತೆರಿಗೆಗೆ ಆ ಗುಣವಿಲ್ಲ. ಕಾರು ಮನೆಯ ಮುಂದೆ ನಿಂತೇ ಇದ್ದರೂ ಕೊಡಬೇಕು, ಮನೆ ಯಾವ ಸರ್ಕಾರದ ಕೆಳಗಿದೆಯೋ ಆ ಸರ್ಕಾರಕ್ಕೆ. ಹೀಗಾಗಿ ಕಾರಿನ ವಾಸಸ್ಥಳ ಎಂಬುದೊಂದನ್ನು ಕಾನೂನು ಕಂಡುಹಿಡಿಯಲೇಬೇಕಾಯಿತು.

ಕಂಡುಹಿಡಿದದ್ದು 1939ರ ಮೋಟಾರು ವಾಹನ ಕಾಯ್ದೆ. ಒಂದು ಕಡೆ ನೋಂದಣಿಯಾದ ಗಾಡಿ ಎಲ್ಲ ಕಡೆಯೂ ಓಡಬಹುದು ಎಂದು ಅದು ಹೇಳಿತು. ಒಡನೆಯೇ, ಬೇರೆ ಪ್ರಾಂತ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿಯ ಹೊಸ ನಂಬರು ಪಡೆಯಬೇಕು ಎಂದೂ ಹೇಳಿತು. ಈಗ ನಾವು ಬೈದುಕೊಳ್ಳುವ 1988ರ ಕಾಯ್ದೆಯ 46 ಮತ್ತು 47ನೇ ಕಲಮುಗಳು ಹೆಚ್ಚುಕಡಿಮೆ ಇವೇ. 'ಪ್ರಾಂತ್ಯ' ಹೋಗಿ 'ರಾಜ್ಯ' ಬಂತು, ಹನ್ನೆರಡು ತಿಂಗಳು ಹಾಗೆಯೇ ಉಳಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೆಗಸಿ ಕೋಡ್. ಬರೆದವರು ಯಾರೂ ಟೀಮಿನಲ್ಲಿಲ್ಲ, ಮುಟ್ಟಲು ಎಲ್ಲರಿಗೂ ಭಯ, ಪ್ರೊಡಕ್ಷನ್ನಿನಲ್ಲಿ ಓಡುತ್ತಲೇ ಇದೆ.

ಇಲ್ಲಿ ಧಾರವಾಡದ ಕಡೆಗೆ ತಿರುಗಬೇಕು. ಯಾಕೆಂದರೆ 1939ರಲ್ಲಿ ಈ ಕಲಮು ಬಂದಾಗ ಧಾರವಾಡಕ್ಕೂ ಲೋಣಾವಳಾಕ್ಕೂ ನಡುವೆ ಅದು ಅನ್ವಯಿಸುವ ಗೆರೆಯೇ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲ ಮುಂಬೈ ಪ್ರಾಂತ್ಯದವು, ಪುಣೆಯೂ ಅದರದೇ. ದಾರಿಯಲ್ಲಿ ಕೊಲ್ಹಾಪುರದಂಥ ಸಂಸ್ಥಾನಗಳು ಸಿಕ್ಕುತ್ತಿದ್ದವು, ಅವುಗಳ ಮಾತು ಬೇರೆ. ಧಾರವಾಡದ ಕಾರಿಗೂ ಪುಣೆಯ ಕಾರಿಗೂ ಮುಂಬೈ ಪ್ರಾಂತ್ಯದ್ದೇ ಅಕ್ಷರಗಳು. ಅದೇ ಧಾರವಾಡದ ಕಾರು ಹರಿಹರದ ತುಂಗಭದ್ರೆ ದಾಟಿದರೆ ಪರರಾಜ್ಯ, ಅಲ್ಲಿಂದಾಚೆ ಮೈಸೂರು ಮಹಾರಾಜರ ಸೀಮೆ. ಕನ್ನಡನಾಡಿನ ಒಳಗೇ ಕನ್ನಡದ ಕಾರು ಹೊರಗಿನದು!

1956ರ ನವೆಂಬರ್ 1ರಂದು ಇದು ತಲೆಕೆಳಗಾಯಿತು. ಚಂದಗಡ ತಾಲ್ಲೂಕೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆ, ಜೊತೆಗೆ ವಿಜಾಪುರ, ಧಾರವಾಡ, ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದವು. ನನ್ನ ಅಜ್ಜ ಆಗ ಹುಬ್ಬಳ್ಳಿಯ ಹತ್ತಿ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು. ಅವರು ಹೇಳುತ್ತಿದ್ದದ್ದು ನೆನಪಿದೆ: "ನಾವೇನ್ ಎಲ್ಲೂ ಹೋಗಲಿಲ್ಲಪಾ, ರಾಜಧಾನಿನ ಎದ್ದು ಹೋತು." ಮುಂಬೈ ಇದ್ದದ್ದು ಬೆಂಗಳೂರಾಯಿತು. ಸರ್ಕಾರಿ ಬಸ್ಸುಗಳೂ ಹಾಗೇ. ಈ ಜಿಲ್ಲೆಗಳಲ್ಲಿ ಓಡುತ್ತಿದ್ದದ್ದು ಮುಂಬೈ ರಾಜ್ಯದ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು. ಅವು ಡಿಪೊದಲ್ಲಿ ನಿಂತಲ್ಲೇ ರಾಜ್ಯ ಬದಲಿಸಿದವು. 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು, ಅದೇ ಮುಂದೆ ಕೆಎಸ್‌ಆರ್‌ಟಿಸಿ. ಹುಬ್ಬಳ್ಳಿಯ ಭಾಗ 1997ರಲ್ಲಿ ವಾಯವ್ಯ ಸಾರಿಗೆ ಆಯಿತು.

ಏಕೀಕರಣ ಅಂದರೆ ನಮಗೆ ನೆನಪಾಗುವುದು ಸಾಹಿತಿಗಳು, ಸತ್ಯಾಗ್ರಹ, ಮೆರವಣಿಗೆ. ಅದರ ಗುಮಾಸ್ತಿಕೆಯ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಳೆ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು. ಐದು ಕಡೆಯಿಂದ ಐದು ಬಗೆಯ ಕಾನೂನು, ಐದು ಬಗೆಯ ದರ. ಇವನ್ನು ಹೊಲಿಯಲು ಬಂದ ಕಾಯ್ದೆಗಳಲ್ಲಿ ಒಂದು 1957ರ ಮೈಸೂರು ಮೋಟಾರು ವಾಹನ ತೆರಿಗೆ ಕಾಯ್ದೆ. ಹೆಸರಿನಲ್ಲಿ ಮೈಸೂರು ಹೋಗಿ ಕರ್ನಾಟಕ ಆಗಿರುವುದು ಬಿಟ್ಟರೆ, ಇವತ್ತು ಕೆಎ ಪ್ಲೇಟಿನ ಪ್ರತಿ ಗಾಡಿಯೂ ತೆರಿಗೆ ಕಟ್ಟುವುದು ಅದರ ಕೆಳಗೇ. ಆಚೆ ಕಡೆ ಮುಂಬೈ ರಾಜ್ಯ 1958ರಲ್ಲಿ ತನ್ನದೊಂದು ಕಾಯ್ದೆ ಮಾಡಿತು, ಮಹಾರಾಷ್ಟ್ರಕ್ಕೆ ಅದೇ ಬಳುವಳಿ.

ಹೀಗೆ ಎರಡು ರಾಜ್ಯಗಳು ಎರಡು ಕಾಯ್ದೆ ಮಾಡಲು ಅಧಿಕಾರ ಕೊಟ್ಟಿದ್ದು ಸಂವಿಧಾನ. ವಾಹನಗಳ ಮೇಲಿನ ತೆರಿಗೆ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 57ನೇ ನಮೂದು. ಯಂತ್ರಚಾಲಿತ ವಾಹನಗಳು ಮತ್ತು ಅವುಗಳ ತೆರಿಗೆಯ ತತ್ವಗಳು ಸಮವರ್ತಿ ಪಟ್ಟಿಯ 35ನೇ ನಮೂದು. ಅಂದರೆ ನಂಬರು ಹೇಗಿರಬೇಕೆಂದು ದಿಲ್ಲಿ ಹೇಳಬಹುದು, ಆ ನಂಬರಿನ ಮೇಲೆ ಹಣ ಎಷ್ಟು ಎಂದು ಹೇಳುವುದು ರಾಜ್ಯ. 1989ರಲ್ಲಿ ದಿಲ್ಲಿ ಹೇಳಿತು ಕೂಡ. ಅಲ್ಲಿಯವರೆಗೆ ನಮ್ಮ ಗಾಡಿಗಳ ಮೇಲೆ ಎಂವೈ, ಎಂಇ, ಸಿಎ ಎಂದೆಲ್ಲ ಶುರುವಾಗುವ ಮೂರಕ್ಷರ ಇರುತ್ತಿದ್ದವು. ಎಂವೈ ಮೈಸೂರಿನದೆಂದು ಗೊತ್ತಾಗುತ್ತದೆ, ಸಿಎಗೂ ಕರ್ನಾಟಕಕ್ಕೂ ಏನು ನಂಟು ಎಂದು ಸಣ್ಣವನಿದ್ದಾಗ ತಲೆ ಕೆಡಿಸಿಕೊಂಡಿದ್ದೇನೆ. ನಂಟೇನೂ ಇರಲಿಲ್ಲ, ಪಾಲಿಗೆ ಬಂದ ಅಕ್ಷರಗಳು ಅಷ್ಟೇ. 1989ರ ಜೂನ್‌ನ ಅಧಿಸೂಚನೆಯೊಂದಿಗೆ ಕೆಎ, ಎಂಎಚ್, ಟಿಎನ್ ಬಂದವು. ಪ್ಲೇಟಿನ ಮೇಲೆ ರಾಜ್ಯದ ಹೆಸರು ಮೊದಲ ಬಾರಿಗೆ ದಾರಿಹೋಕನೂ ಓದುವಂತೆ ಕಂಡಿತು. ಇದು ಸಣ್ಣ ಸಂಗತಿ ಅಲ್ಲವೆಂದು ಆಮೇಲೆ ಗೊತ್ತಾಯಿತು. ಈಗ ಪ್ಲೇಟು ಬಾವುಟವೂ ಹೌದು: ಒರಿಸ್ಸಾ ಒಡಿಶಾ ಆದ ಮೇಲೆ ಒಆರ್ ಹೋಗಿ ಒಡಿ ಬಂತು. ತೆಲಂಗಾಣ 2014ರಲ್ಲಿ ಟಿಎಸ್ ಪಡೆಯಿತು, 2024ರಲ್ಲಿ ಅದನ್ನೂ ಬದಲಿಸಿ ಟಿಜಿ ಮಾಡಿಕೊಂಡಿತು.

ಇಷ್ಟಿದ್ದರೂ ನನ್ನ ಅಪ್ಪನ ಕಾಲದಲ್ಲಿ ರಾಜ್ಯ ಬದಲಿಸಿದವರು ಕಾರಿನ ನಂಬರಿಗಾಗಿ ಗೋಳಾಡಿದ್ದು ನಾನು ಕೇಳಿಲ್ಲ. ಕಾರು ಇದ್ದವರು ಕಡಿಮೆ, ನಿಜ. ಬೇರೆ ಕಾರಣವೂ ಇದೆ, ಅದೇ ಇಡೀ ಕಥೆಯ ತಿರುಳು ಎಂದು ನನ್ನ ಲೆಕ್ಕ. 1957ರ ಕಾಯ್ದೆಯಲ್ಲಿ ತೆರಿಗೆ ಕಟ್ಟುತ್ತಿದ್ದದ್ದು ಮೂರು ತಿಂಗಳಿಗೆ, ಆರು ತಿಂಗಳಿಗೆ ಅಥವಾ ವರ್ಷಕ್ಕೊಮ್ಮೆ. ಊರು ಬಿಟ್ಟರೆ ಮುಂದಿನ ಕಂತನ್ನು ಹೊಸ ಊರಿನಲ್ಲಿ ಕಟ್ಟಿದರಾಯಿತು. ಹನ್ನೆರಡು ತಿಂಗಳ ಕಲಮು ಬರೆದವರ ತಲೆಯಲ್ಲಿ ಇದ್ದದ್ದು ಇಂಥ ತೆರಿಗೆ. ನಂತರದ ದಶಕಗಳಲ್ಲಿ ರಾಜ್ಯಗಳು ಒಂದೊಂದಾಗಿ ಖಾಸಗಿ ವಾಹನಗಳಿಗೆ 'ಲೈಫ್ ಟ್ಯಾಕ್ಸ್' ತಂದವು. ವಸೂಲಿಗಾರರ ಖರ್ಚು ಉಳಿಯಿತು, ಬಾಕಿದಾರರ ಕಾಟ ತಪ್ಪಿತು, ಖಜಾನೆಗೆ ಹದಿನೈದು ವರ್ಷದ ಹಣ ಒಂದೇ ಸಲ ಬಂತು. ಊರಲ್ಲೇ ಇರುವವನಿಗೂ ನಿರಾಳ. ಕೆಟ್ಟದ್ದು ಒಬ್ಬನಿಗೆ ಮಾತ್ರ, ನಡುವೆ ಎದ್ದು ಹೋಗುವವನಿಗೆ. ಹದಿನೈದು ವರ್ಷದ ಬಾಡಿಗೆ ಮುಂಗಡ ಕೊಟ್ಟು ಎರಡನೇ ವರ್ಷ ಮನೆ ಖಾಲಿ ಮಾಡುವ ಬಾಡಿಗೆದಾರನ ಸ್ಥಿತಿ ಅವನದು. ಕಲಮು ಬದಲಾಗಲಿಲ್ಲ, ಅದರ ಕೆಳಗಿನ ನೆಲ ಬದಲಾಯಿತು.

ಹಣವೂ ಸಣ್ಣದಲ್ಲ. ನಾನು ಕಾರು ಕೊಂಡದ್ದು ಕೋವಿಡ್ ವರ್ಷ, ಧಾರವಾಡದ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ. ಆಗ ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14, ಹತ್ತು ದಾಟಿದರೆ ಶೇ. 17, ಇಪ್ಪತ್ತು ದಾಟಿದರೆ ಶೇ. 18, ಮೇಲೆ ಸೆಸ್ಸು. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಕಾರಿಗೆ ಹತ್ತು ಲಕ್ಷದವರೆಗೆ ಶೇ. 11, ಇಪ್ಪತ್ತರವರೆಗೆ ಶೇ. 12. ಈ ಅಂತರ ಎಲ್ಲರಿಗೂ ಗೊತ್ತು, ಆದ್ದರಿಂದಲೇ ಬೆಂಗಳೂರಿನ ಟೆಕ್ ಪಾರ್ಕುಗಳ ಬೇಸ್‌ಮೆಂಟಿನಲ್ಲಿ ಭಾರತದ ಭೂಪಟವೇ ನಿಂತಿರುತ್ತದೆ. ಕರ್ನಾಟಕ 2014ರಲ್ಲಿ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ಗಾಡಿ 30 ದಿನ ದಾಟಿ ಇಲ್ಲಿದ್ದರೆ ಲೈಫ್ ಟ್ಯಾಕ್ಸ್ ಕಟ್ಟಬೇಕೆಂದಿತು. ಕೇಂದ್ರ ಕಾಯ್ದೆ ಹನ್ನೆರಡು ತಿಂಗಳು ಕೊಟ್ಟಿರುವಾಗ ಇದು ನಿಲ್ಲದು ಎಂದು 2016ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ರಾಜ್ಯದ ಕಷ್ಟವೂ ಸುಳ್ಳಲ್ಲ. ರಸ್ತೆ ಅದರದು, ಗುಂಡಿ ಅದರದು, ಹಣ ಬೇರೆ ರಾಜ್ಯಕ್ಕೆ. ಆದರೂ ಮೂವತ್ತು ದಿನ ಅಂದರೆ ಮನೆಗೆ ಗ್ಯಾಸ್ ಸಿಲಿಂಡರ್ ಬರುವಷ್ಟರಲ್ಲಿ ಮುಗಿಯುವ ಕಾಲ.

ಈ ಜಗಳ ಸುಪ್ರೀಂ ಕೋರ್ಟಿಗೂ ಹಳೆಯದು. 1962ರಲ್ಲಿ ತೀರ್ಪಾದ ಆಟೋಮೊಬೈಲ್ ಟ್ರಾನ್ಸ್‌ಪೋರ್ಟ್ ಪ್ರಕರಣ ಅಜ್ಮೀರ್ ಕಡೆಯ ಬಸ್ಸಿನವರದು. ನಸೀರಾಬಾದಿನಿಂದ ದೇವಳಿಗೆ ಹೋಗುವ ಅವರ ಮಾರ್ಗದಲ್ಲಿ ಒಂದು ಕಿರಿದಾದ ಪಟ್ಟಿ ಮಾತ್ರ ಆಗಿನ ರಾಜಸ್ಥಾನದ ನೆಲ. ಅಷ್ಟಕ್ಕೇ ರಾಜಸ್ಥಾನ ತೆರಿಗೆ ಕೇಳಿತು. ದೇಶದೊಳಗೆ ವ್ಯಾಪಾರ, ಸಂಚಾರ ಮುಕ್ತವೆಂದು ಸಂವಿಧಾನದ 301ನೇ ವಿಧಿ ಹೇಳುವುದಿಲ್ಲವೇ ಎಂದು ಅವರ ವಾದ. ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ರಾಜ್ಯದ ಪರ ನಿಂತರು: ರಸ್ತೆ ಬಳಸಿದ್ದಕ್ಕೆ ಪ್ರತಿಯಾಗಿ ಪಡೆಯುವ ತೆರಿಗೆ ಸಂಚಾರಕ್ಕೆ ಅಡ್ಡಿಯಲ್ಲ. ಘಾಟಿನ ಸುಂಕಕ್ಕೆ ಈ ತರ್ಕ ಚೆನ್ನಾಗಿ ಒಪ್ಪುತ್ತದೆ. ಹದಿನೈದು ವರ್ಷದ ಮುಂಗಡಕ್ಕೆ ಎಷ್ಟು ಒಪ್ಪುತ್ತದೆ? 2016ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ತರ್ಕವನ್ನೇ ಕೈಬಿಟ್ಟಿತು. ಆದರೆ ತಾರತಮ್ಯವಿಲ್ಲದ ತೆರಿಗೆ ಹಾಕುವ ರಾಜ್ಯದ ಅಧಿಕಾರವನ್ನು ಇನ್ನಷ್ಟು ಗಟ್ಟಿಮಾಡಿತು.

ನನ್ನ ಪಾಲಿನ ಕಾಗದದ ಕೆಲಸ ಹೇಳಿ ಮುಗಿಸುತ್ತೇನೆ, ಇದರ ಹೊಸ್ತಿಲಲ್ಲಿ ನಿಂತ ಓದುಗರಿಗೆ ಉಪಯೋಗವಾದೀತು. ಹಳೆಯ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ. ಗಾಡಿ ಕಳವಿನದಲ್ಲ ಎಂದು ಪೊಲೀಸ್ ದಾಖಲೆ ನೋಡಿಯೇ ಅದನ್ನು ಕೊಡಬೇಕು. ಮೂವತ್ತು ದಿನದಲ್ಲಿ ನಿರಾಕರಿಸದಿದ್ದರೆ ಕೊಟ್ಟಂತೆಯೇ ಎಂದು 48ನೇ ಕಲಮು ಹೇಳುತ್ತದೆ, ಆದರೆ 'ಕೊಟ್ಟಂತೆ' ಎಂಬುದನ್ನು ಇನ್ನೊಂದು ಕಚೇರಿಯ ಕಿಟಕಿಯಲ್ಲಿ ತೋರಿಸಲು ಬರುವುದಿಲ್ಲ. ಸಾಲ ಬಾಕಿಯಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು, ನನಗೆ ಅದೊಂದಕ್ಕೇ ಐದು ವಾರ ಹಿಡಿಯಿತು. ಆಮೇಲೆ ಹೊಸ ಊರಿನಲ್ಲಿ ಫಾರ್ಮ್ 27, ಗಾಡಿಯ ತಪಾಸಣೆ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಗಾಡಿಯ ವಯಸ್ಸು ಕಳೆದು ಲೆಕ್ಕ ಹಾಕಿದ ಹೊಸ ತೆರಿಗೆ. ಹಳೆಯ ರಾಜ್ಯದಿಂದ ಉಳಿದ ವರ್ಷಗಳ ಪಾಲು ಮರಳಿ ಪಡೆಯಲು ಹೊಸ ಆರ್‌ಸಿ ತೋರಿಸಬೇಕು. ಅಂದರೆ ಮೊದಲು ಎರಡೂ ಕಡೆ ಕಟ್ಟು, ಆಮೇಲೆ ಒಂದು ಕಡೆಯಿಂದ ಕೇಳು. ಸೇತುವೆಯ ಹಣ ನಮ್ಮ ಜೇಬಿನದು.

ಹಣಕ್ಕಿಂತ ಬೇರೆಯೂ ಒಂದಿದೆ. ಕೆಎ 25 ಇರುವವರೆಗೆ ಲೋಣಾವಳಾದ ಚಿಕ್ಕಿ ಅಂಗಡಿಗಳ ಮುಂದೆ ಕಾರು ನಿಲ್ಲಿಸಿದಾಗಲೆಲ್ಲ ಯಾರಾದರೂ ಒಬ್ಬರು ಬಂದು "ನಮಸ್ಕಾರ್ರೀ, ಧಾರವಾಡದವ್ರೇನ್ರೀ?" ಅನ್ನುತ್ತಿದ್ದರು. ಒಬ್ಬರು ಗದಗಿನವರು, ಒಬ್ಬರು ಇಳಕಲ್ಲಿನವರು, ಒಮ್ಮೆ ನಮ್ಮ ಮಾಳಮಡ್ಡಿಯವರೇ. ಅದೇ ಪ್ಲೇಟು 2022ರ ಡಿಸೆಂಬರ್ ಮೊದಲ ವಾರ ಬೇರೆ ಅರ್ಥ ಪಡೆಯಿತು. ಗಡಿ ವಿವಾದ ಮತ್ತೆ ಎದ್ದು, ಬೆಳಗಾವಿ ಬಳಿಯ ಹಿರೇಬಾಗೇವಾಡಿಯಲ್ಲಿ ಎಂಎಚ್ ಲಾರಿಗಳ ಮೇಲೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಮ್ಮ ವಾಚ್‌ಮನ್ ಮೆಲ್ಲಗೆ, "ಸಾಹೇಬ್, ದೋನ್ ದಿವಸ್ ಗಾಡಿ ಮಾಗೆ ಲಾವಾ" ಎಂದ. ಹಿಂದಿನ ಸಾಲಿನಲ್ಲಿ, ಗೋಡೆಗೆ ಪ್ಲೇಟು ಮಾಡಿ ನಿಲ್ಲಿಸಿದೆ. ಧಾರವಾಡದಿಂದ ಅಮ್ಮ ಫೋನು ಮಾಡಿ ಅದನ್ನೇ ಕೇಳಿದಳು, "ಗಾಡಿ ಒಳಗ ಹಚ್ಚೀಯಿಲ್ಲೋ?" ಲಾರಿಯ ಚಾಲಕ ಯಾವ ಊರಿನವನೋ, ಬಸ್ಸಿನ ಒಳಗೆ ಯಾವ ಭಾಷೆಯವರು ಕೂತಿದ್ದರೋ ಯಾರೂ ನೋಡಲಿಲ್ಲ. ಎರಡಕ್ಷರ ಸಾಕಾಯಿತು. ಮುಂದಿನ ವರ್ಷ ಎಂಎಚ್ 14 ಬಂದ ಮೇಲೆ ಈಗ ಕೊಗನೊಳ್ಳಿ ದಾಟಿ ಊರಿಗೆ ಹೋದರೆ ನಮ್ಮ ಓಣಿಯ ಹುಡುಗರೇ ಮರಾಠಿಯಲ್ಲಿ ದಾರಿ ಬಿಡಲು ಹೇಳುತ್ತಾರೆ.

ಕೇಂದ್ರ ಸರ್ಕಾರ ಇದಕ್ಕೆಲ್ಲ ಒಂದು ಅಡ್ಡದಾರಿ ಮಾಡಿದೆ. 2021ರ ಆಗಸ್ಟ್‌ನ ಅಧಿಸೂಚನೆಯಂತೆ ಸೆಪ್ಟೆಂಬರ್ 15ರಿಂದ ಬಿಎಚ್, ಅಂದರೆ ಭಾರತ್ ಸರಣಿ ಜಾರಿಗೆ ಬಂತು. ಈ ನಂಬರಿಗೆ ರಾಜ್ಯವಿಲ್ಲ, ನೋಂದಣಿಯಾದ ವರ್ಷವಿದೆ. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟುವುದು, ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ. 8ರ ದರದ ಲೆಕ್ಕದಲ್ಲಿ. ಹೊಸದೆಂದು ಹೊಗಳಿದರು, ನನಗೆ ಕಂಡದ್ದು 1957ರ ಕಂತು ಮರಳಿ ಬಂದದ್ದು. ಸರ್ಕಾರಿ ನೌಕರರು, ಸೇನೆಯವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರು ಇದಕ್ಕೆ ಅರ್ಹರು. ಕರ್ನಾಟಕ ಮೊದಲು ಖಾಸಗಿಯವರನ್ನು ಹೊರಗಿಟ್ಟಿತ್ತು. ಕೆಲವರು ಹೈಕೋರ್ಟಿಗೆ ಹೋಗಿ 2022ರ ಡಿಸೆಂಬರಿನಲ್ಲಿ ಗೆದ್ದರು. ಅದೇ ತಿಂಗಳು ಹಳೆಯ ಗಾಡಿಗಳನ್ನೂ ಬಿಎಚ್‌ಗೆ ಬದಲಿಸಿಕೊಳ್ಳಲು ಕೇಂದ್ರ ಅವಕಾಶ ಕೊಟ್ಟಿತು. ನಮ್ಮ ಸೊಸೈಟಿಯಲ್ಲಿ ಬಿಎಚ್ ಪ್ಲೇಟಿನ ಕಾರುಗಳು ಈಗ ಮೂರಿವೆ: ಒಬ್ಬರು ಬ್ಯಾಂಕಿನವರು, ಒಬ್ಬರು ನೌಕಾಪಡೆಯವರು, ಒಬ್ಬಳು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಹುಡುಗಿ. ನನ್ನ ಕಂಪನಿಗೆ ಕಚೇರಿ ಇರುವುದು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ. ಮೂರೇ ರಾಜ್ಯ.